ಸಕ್ಕರೆಯನ್ನಷ್ಟೇ ಬೈದರೆ ಸಾಲದು: ಆಟದ ಬಾಟಲಿಯೊಳಗಿನ ಹುಳಿ

ಶಿವಮೊಗ್ಗ ಇರಲಿ, ಸಾಗರ, ತೀರ್ಥಹಳ್ಳಿ, ಹೊಸನಗರ ಇರಲಿ, ಹೊನಲು ಬೆಳಕಿನ ಕಬಡ್ಡಿ ಎಂದರೆ ಅಂಕಣದ ಪಕ್ಕದಲ್ಲಿ ಈಗ ನೀರಿನ ಕ್ಯಾನಿನ ಜೊತೆಗೆ ಬಣ್ಣದ ಬಾಟಲಿಗಳೂ ಇರುತ್ತವೆ. ಬೇಸಿಗೆ ಶಿಬಿರಕ್ಕೆ ಹೋಗುವ ಮಕ್ಕಳ ಬ್ಯಾಗಿನಲ್ಲೂ ಅದೇ. ಬೆಳಿಗ್ಗೆ ನೆಹರೂ ಕ್ರೀಡಾಂಗಣದಲ್ಲಿ ನಾಲ್ಕು ಸುತ್ತು ನಡೆದು ಬರುವವರ ಕೈಯಲ್ಲೂ ಅದೇ. ಸ್ಪೋರ್ಟ್ಸ್ ಡ್ರಿಂಕ್ ವಿಷವೇನಲ್ಲ, ಅದಕ್ಕೊಂದು ಸರಿಯಾದ ಜಾಗವಿದೆ. ಆದರೆ ಅದನ್ನು ಕುಡಿಯುತ್ತಿರುವವರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವಿಲ್ಲ, ಮತ್ತು ಕುಡಿಯುವ ರೀತಿ ಹಲ್ಲಿಗೆ ತೀರಾ ಕೆಟ್ಟದ್ದು. ಈ ಎರಡು ಮಾತನ್ನು ಬಿಡಿಸಿ ಹೇಳಬೇಕಿದೆ.

ಸಕ್ಕರೆಯ ವಿಷಯ ಎಲ್ಲರಿಗೂ ಗೊತ್ತು, ಆದ್ದರಿಂದ ಬೇಗ ಮುಗಿಸುತ್ತೇನೆ. ಮಾಮೂಲಿ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ 100 ಮಿ.ಲೀ.ಗೆ ಸುಮಾರು 6 ಗ್ರಾಂ ಸಕ್ಕರೆ. ಲೇಬಲ್ಲಿನಲ್ಲಿ ದೊಡ್ಡದಾಗಿ ಕಾಣುವುದು ಈ 100 ಮಿ.ಲೀ. ಲೆಕ್ಕವೇ, ಅರ್ಧ ಲೀಟರ್ ಬಾಟಲಿಗೆ ಅದನ್ನು ಐದರಿಂದ ಗುಣಿಸಬೇಕು. 30 ಗ್ರಾಂ ಆಯಿತು, ಅಂದರೆ ಟೀ ಚಮಚದಲ್ಲಿ ಏಳಕ್ಕೂ ಹೆಚ್ಚು, 120 ಕ್ಯಾಲೊರಿ. ಅರ್ಧ ಗಂಟೆ ಬಿರುಸಾಗಿ ನಡೆದು ಕರಗಿಸಿದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗೆ, ಅಂದರೆ 25 ಗ್ರಾಂ ಸುಮಾರಿಗೆ ನಿಂತರೆ ಇನ್ನೂ ಒಳ್ಳೆಯದು. ಒಂದು ಬಾಟಲಿಗೇ ಆ ಗೆರೆ ದಾಟಿತು. ಶುಗರ್ ಇರುವವರು ವಾಕಿಂಗ್ ಮುಗಿಸಿ ಇದನ್ನು ಕುಡಿಯುವುದು ನಡೆದದ್ದನ್ನೆಲ್ಲ ವ್ಯರ್ಥ ಮಾಡಿದಂತೆಯೇ.

ಜನ ಗಮನಿಸದೆ ಬಿಡುವುದು ಆಮ್ಲವನ್ನು. ಬಾಟಲಿ ತಿರುಗಿಸಿ, ಪದಾರ್ಥಗಳ ಪಟ್ಟಿಯಲ್ಲಿ ಆಮ್ಲೀಯತೆ ನಿಯಂತ್ರಕ ಎನ್ನುವ ಸಾಲಿನ ಮುಂದೆ 330 ಎಂಬ ಅಂಕಿ ಇದೆಯೇ ನೋಡಿ. ಅದು ಸಿಟ್ರಿಕ್ ಆಮ್ಲ, ನಿಂಬೆಯ ಹುಳಿ. 296 ಎಂದಿದ್ದರೆ ಮ್ಯಾಲಿಕ್ ಆಮ್ಲ, 338 ಎಂದರೆ ಫಾಸ್ಫಾರಿಕ್ ಆಮ್ಲ. ರುಚಿಗೂ ಬೇಕು, ಪಾನೀಯ ತಿಂಗಳುಗಟ್ಟಲೆ ಕೆಡದೆ ಉಳಿಯುವುದಕ್ಕೂ ಬೇಕು. ಇದರಿಂದಾಗಿ ಈ ಪಾನೀಯಗಳ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 3ರ ಆಸುಪಾಸಿನಲ್ಲಿರುತ್ತದೆ. ಹಲ್ಲಿನ ಮೇಲಿನ ಎನಾಮೆಲ್ ಕರಗಲು ಶುರುವಾಗುವುದು ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ. 5.5ಕ್ಕೂ 3ಕ್ಕೂ ಅಂತರ ಚಿಕ್ಕದಾಗಿ ಕಾಣುತ್ತದೆ. ಆದರೆ ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ, ಎರಡೂವರೆ ಅಂಕಿ ಇಳಿದರೆ ಸುಮಾರು ಮುನ್ನೂರು ಪಟ್ಟು. ಸಿಟ್ರಿಕ್ ಆಮ್ಲ ಹುಳಿಯಿಂದ ಕರಗಿಸುವುದರ ಜೊತೆಗೆ ಕ್ಯಾಲ್ಸಿಯಂ ಅನ್ನು ತನ್ನತ್ತ ಸೆಳೆದು ಹಿಡಿದುಕೊಳ್ಳುತ್ತದೆ, ಹಲ್ಲಿನದನ್ನೂ, ಜೊಲ್ಲಿನದನ್ನೂ. ನಯ ಮಾಡಿದ ಸಿಮೆಂಟು ನೆಲದ ಮೇಲೆ ನಿಂಬೆರಸ ಬಿದ್ದು ಒಣಗಿದ ಜಾಗ ಹೇಗೆ ಹೊಳಪು ಕಳೆದುಕೊಂಡು ಒರಟಾಗುತ್ತದೋ, ಎನಾಮೆಲ್ಲಿಗೆ ಆಗುವುದೂ ಅದೇ. ನೆಲವನ್ನಾದರೂ ಮತ್ತೆ ಉಜ್ಜಿ ನಯ ಮಾಡಬಹುದು, ಕಳೆದುಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಹುಳುಕು ಬೇರೆ, ಸವೆತ ಬೇರೆ. ಹುಳುಕಿಗೆ ಬ್ಯಾಕ್ಟೀರಿಯಾ ಬೇಕು. ಅವು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಒಂದು ಜಾಗದಲ್ಲಿ ಗುಳಿ ಬೀಳುತ್ತದೆ. ಸವೆತಕ್ಕೆ ಬ್ಯಾಕ್ಟೀರಿಯಾದ ಹಂಗೇ ಇಲ್ಲ, ಪಾನೀಯದ ಆಮ್ಲವೇ ನೇರವಾಗಿ ಮೇಲ್ಮೈಯನ್ನೆಲ್ಲ ತೆಳುವಾಗಿಸುತ್ತದೆ. ಸಕ್ಕರೆ ಇರುವ ಸ್ಪೋರ್ಟ್ಸ್ ಡ್ರಿಂಕ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹಾಗಾಗಿ 'ಶುಗರ್ ಫ್ರೀ' ಎಂದು ಬರೆದ ಬಾಟಲಿ ಹಿಡಿದವರು ಹಲ್ಲಿನ ಮಟ್ಟಿಗೆ ಅರ್ಧ ಮಾತ್ರ ಪಾರು: ಹುಳುಕಿನ ಭಯ ಕಡಿಮೆ, ಸವೆತದ್ದು ಹಾಗೇ ಇದೆ.

ಅದೇ ಪಾನೀಯ ಊಟದ ಜೊತೆ ಕುಡಿದರೆ ಇಷ್ಟು ಹಾನಿ ಮಾಡುವುದಿಲ್ಲ, ಆಟದ ನಡುವೆ ಮಾಡುತ್ತದೆ. ಇದಕ್ಕೆ ಕಾರಣ ಜೊಲ್ಲು. ಬಾಯಿಯ ಕಾವಲುಗಾರ ಅದೇ. ಅದರಲ್ಲಿರುವ ಬೈಕಾರ್ಬನೇಟ್ ಹುಳಿಯನ್ನು ತಣಿಸುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮೆತ್ತಗಾದ ಎನಾಮೆಲ್ಲನ್ನು ಮತ್ತೆ ಗಟ್ಟಿ ಮಾಡುತ್ತವೆ. ಬಾಯಿ ಮೊದಲ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಟವಾಡುವಾಗ ಬೆವರು ಹೋಗಿ, ಬಾಯಿಯಲ್ಲೇ ಉಸಿರೆಳೆದು ಜೊಲ್ಲು ಕಡಿಮೆಯಾಗಿ ಅಂಟಂಟಾಗಿರುತ್ತದೆ. ಕಾವಲುಗಾರ ಇಲ್ಲದ ಹೊತ್ತಿಗೆ ಸರಿಯಾಗಿ ಹುಳಿ ಬಂತು. ಅದೂ ಒಮ್ಮೆಲೇ ಅಲ್ಲ, ಐದು ನಿಮಿಷಕ್ಕೊಂದು ಗುಟುಕು. ಪ್ರತಿ ಗುಟುಕಿಗೂ ಆ ಅರ್ಧ ಗಂಟೆಯ ಲೆಕ್ಕ ಮೊದಲಿನಿಂದ ಶುರು. ಒಂದು ಬಾಟಲಿಯನ್ನು ಎರಡು ತಾಸು ಗುಟುಕರಿಸಿದವನ ಹಲ್ಲು ಎರಡೂವರೆ, ಮೂರು ತಾಸು ಹುಳಿಯಲ್ಲೇ ನೆಂದಿರುತ್ತದೆ. ಎಷ್ಟು ಕುಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ಕುಡಿದರು ಎಂಬುದು ಹಲ್ಲಿಗೆ ಮುಖ್ಯ.

ದೊಡ್ಡ ಆಟಗಾರರೂ ಇದಕ್ಕೆ ಹೊರತಲ್ಲ. 2012ರ ಲಂಡನ್ ಒಲಿಂಪಿಕ್ಸ್ ವೇಳೆ 302 ಕ್ರೀಡಾಪಟುಗಳ ಬಾಯಿ ಪರೀಕ್ಷಿಸಿದಾಗ ಶೇ. 55 ಮಂದಿಗೆ ಹುಳುಕು, ಶೇ. 45 ಮಂದಿಗೆ ಸವೆತ ಕಂಡಿತು. ಹಲ್ಲಿನ ತೊಂದರೆಯಿಂದ ತಮ್ಮ ತರಬೇತಿಗೆ, ಆಟಕ್ಕೆ ಪೆಟ್ಟು ಬಿದ್ದಿದೆ ಎಂದವರು ಶೇ. 18. ಇದಕ್ಕೆಲ್ಲ ಪಾನೀಯವೊಂದೇ ಕಾರಣ ಎಂದು ಹೇಳಲಾಗದು. ಆದರೂ ಅಷ್ಟು ಸೌಕರ್ಯ ಇರುವವರ ಬಾಯಿಯೇ ಹೀಗಿದ್ದರೆ ನಮ್ಮ ಊರಿನ ಹುಡುಗರ ಬಗ್ಗೆ ಯೋಚಿಸಲೇಬೇಕು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮೊದಲ ಕಾಯಂ ದವಡೆ ಹಲ್ಲು ಹುಟ್ಟುವುದು ಆರನೇ ವರ್ಷದ ಸುಮಾರಿಗೆ. ಹೊಸದಾಗಿ ಬಂದ ಹಲ್ಲಿನ ಎನಾಮೆಲ್ ಪೂರ್ತಿ ಬಲಿತಿರುವುದಿಲ್ಲ, ಹಾಲುಹಲ್ಲಿನದ್ದಂತೂ ತೆಳುವೇ. ಇನ್ನೊಂದು ತುದಿಯಲ್ಲಿ, ವರ್ಷಾನುಗಟ್ಟಲೆ ಕವಳ ಹಾಕಿ ಅಡಿಕೆ ಜಗಿದವರ ದವಡೆ ಹಲ್ಲು ಮೊದಲೇ ತೇದು ಒಳಗಿನ ಡೆಂಟಿನ್ ತೆರೆದುಕೊಂಡಿರುತ್ತದೆ. ಡೆಂಟಿನ್ ಎನಾಮೆಲ್ಲಿಗಿಂತ ಮೆದು, ಪಿಎಚ್ 6ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಕವಳದ ಸುಣ್ಣ ಹುಳಿಯನ್ನು ಹೊಡೆದುಹಾಕುತ್ತದೆ ಎಂಬ ಸಮಾಧಾನ ಬೇಡ, ತೇದುಹೋದದ್ದನ್ನು ಸುಣ್ಣ ತುಂಬಿಕೊಡುವುದಿಲ್ಲ.

ಹಾಗಾದರೆ ಇದು ಯಾರಿಗೆ ಬೇಕು? ಇದರ ಹುಟ್ಟೇ ಉತ್ತರ ಹೇಳುತ್ತದೆ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವೈದ್ಯ ರಾಬರ್ಟ್ ಕೇಡ್ ಮತ್ತು ಜೊತೆಗಾರರು ಗೇಟೊರೇಡ್ ಎಂಬ ಸ್ಪೋರ್ಟ್ಸ್ ಡ್ರಿಂಕ್ ತಯಾರಿಸಿದ್ದು ಉರಿಬಿಸಿಲಿನಲ್ಲಿ ಮೈತುಂಬ ರಕ್ಷಾಕವಚ ತೊಟ್ಟು ಗಂಟೆಗಟ್ಟಲೆ ಆಡಿ ಬಸವಳಿಯುತ್ತಿದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗಾಗಿ. ನೀರು, ಸಕ್ಕರೆ, ಉಪ್ಪು ಕಲಸಿದ್ದು ಬಾಯಿಗಿಡಲು ಆಗದಷ್ಟು ಕೆಟ್ಟದಾಗಿದ್ದಾಗ ನಿಂಬೆರಸ ಹಿಂಡಿ ಎಂದು ಸೂಚಿಸಿದ್ದು ಕೇಡ್ ಅವರ ಪತ್ನಿ. ಹುಳಿ ಅಂದಿನಿಂದಲೂ ಬಂದದ್ದು ರುಚಿಗಾಗಿಯೇ ಹೊರತು ದೇಹಕ್ಕೆ ಬೇಕೆಂದಲ್ಲ.

ಒಂದು ಗಂಟೆಯೊಳಗಿನ ಆಟಕ್ಕೆ ನೀರು ಸಾಕು. ಗಂಡಸರ ಕಬಡ್ಡಿ ಪಂದ್ಯ 20 ನಿಮಿಷದ ಎರಡು ಅವಧಿ, ಒಟ್ಟು 40 ನಿಮಿಷ. ಒಂದು ಪಂದ್ಯಕ್ಕೆ ಸ್ಪೋರ್ಟ್ಸ್ ಡ್ರಿಂಕ್ ಬೇಡವೇ ಬೇಡ. ಒಂದೇ ರಾತ್ರಿ ಮೂರು ನಾಲ್ಕು ಪಂದ್ಯ ಆಡಬೇಕಾದಾಗ, ಕೊಡಚಾದ್ರಿಗೆ ಬುಡದಿಂದ ಹತ್ತಿ ಇಳಿಯುವಾಗ, ದೂರದ ಓಟ, ಸೈಕ್ಲಿಂಗ್, ಇಲ್ಲೆಲ್ಲ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಥವಾ ಪಿಷ್ಟ, ಜೊತೆಗೆ ಉಪ್ಪು, ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಅದು ಬಾಟಲಿಯಿಂದಲೇ ಬರಬೇಕೆಂದಿಲ್ಲ.

ನಿಮ್ಮ ಬೆವರೆಷ್ಟು ಎಂದು ತಿಳಿಯಲು ತಕ್ಕಡಿ ಸಾಕು. ಆಟಕ್ಕೆ ಮುಂಚೆ, ಆಟವಾದ ಮೇಲೆ ಬೆವರೊರೆಸಿ, ಕಡಿಮೆ ಬಟ್ಟೆಯಲ್ಲಿ ತೂಗಿ. 60 ಕೆ.ಜಿ. ಇದ್ದವನು 59.2 ಆಗಿ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಹೋದ ಬೆವರು 1.3 ಲೀಟರ್. ಕಡಿಮೆಯಾದ ತೂಕದ ಒಂದೂಕಾಲರಿಂದ ಒಂದೂವರೆ ಪಟ್ಟು ನೀರನ್ನು ಮುಂದಿನ ಕೆಲವು ಗಂಟೆಗಳಲ್ಲಿ ಕುಡಿದರಾಯಿತು. ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಬೆವರು ಆರುವುದಿಲ್ಲ, ಮೈ ತಣಿಯದೆ ಇನ್ನೂ ಬೆವರುತ್ತದೆ. ಚಳಿ ಎನಿಸುವುದರಿಂದ ಬಾಯಾರಿಕೆ ಗೊತ್ತಾಗುವುದಿಲ್ಲ. ಆಗ ತಕ್ಕಡಿ ಹೇಳುವುದನ್ನು ನಂಬಿ. ಆಟ ಮುಗಿದಾಗ ತೂಕ ಹೆಚ್ಚಾಗಿದ್ದರೆ ಅತಿಯಾಗಿ ಕುಡಿದಿದ್ದೀರಿ ಎಂದರ್ಥ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು, ವಿಪರೀತಕ್ಕೆ ಹೋದರೆ ಫಿಟ್ಸ್ ಬರುತ್ತದೆ. ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಹೀಗಾಗದು ಎಂಬುದು ತಪ್ಪು. ಅದರ ಸೋಡಿಯಂ ಲೀಟರಿಗೆ 20 ಮಿಲಿಮೋಲ್ ಸುಮಾರು, ರಕ್ತದ್ದು 135ರಿಂದ 145.

ಭೇದಿಯಾದ ಮಗುವಿಗೆ ಸ್ಪೋರ್ಟ್ಸ್ ಡ್ರಿಂಕ್ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 13.5 ಗ್ರಾಂ ಮಾತ್ರ. ಸಿಹಿ ಜಾಸ್ತಿ, ಉಪ್ಪು ಕಡಿಮೆ ಇರುವ ಪಾನೀಯ ಭೇದಿಯನ್ನು ಹೆಚ್ಚಿಸಬಹುದು. ಈ ಸೂತ್ರ ಪಾಲಿಸದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶಿಸಿದ್ದು ಒಳ್ಳೆಯ ಕೆಲಸ.

ಎನರ್ಜಿ ಡ್ರಿಂಕ್ ಇನ್ನೊಂದೇ ಜಾತಿ. ಗೂಡಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಕೆಂಪು, ನೀಲಿ ಬಾಟಲಿಗಳು. 250 ಮಿ.ಲೀ.ಯಲ್ಲಿ 70-75 ಮಿ.ಗ್ರಾಂ ಕೆಫೀನ್, ಸಕ್ಕರೆ, ಅದೇ ಹುಳಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ತಕ್ಕದ್ದಲ್ಲ ಎಂದು ಲೇಬಲ್ಲಿನಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಹೈಸ್ಕೂಲ್ ಹುಡುಗರು ಪಂದ್ಯಕ್ಕೆ ಮುಂಚೆ ಗಟಗಟ ಕುಡಿಯುವುದನ್ನು ಕೋಚ್‌ಗಳು ಕಂಡೂ ಸುಮ್ಮನಿರುವುದು ನನಗೆ ಸಿಟ್ಟು ತರಿಸುತ್ತದೆ. ಎದೆ ಬಡಿತ ಏರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ, ಮರುದಿನ ಆಯಾಸಕ್ಕೆ ಮತ್ತೊಂದು ಬಾಟಲಿ.

ಇನ್ನು ನಮ್ಮವೇ ಪಾನೀಯಗಳು. ಇಲ್ಲೂ ಮುಲಾಜಿಲ್ಲದೆ ಹೇಳಬೇಕು: ನಿಂಬೆ ಪಾನಕ, ಮುರುಗಲ ಶರಬತ್ತು ಕೂಡ ಹುಳಿಯೇ. ಮನೆಯಲ್ಲಿ ಮಾಡಿದ್ದು ಎಂದು ಹಲ್ಲು ರಿಯಾಯಿತಿ ಕೊಡುವುದಿಲ್ಲ. ಊಟದ ಜೊತೆ ಕುಡಿಯಿರಿ, ಅಂಕಣದ ಪಕ್ಕ ಗುಟುಕರಿಸಬೇಡಿ. ಮಜ್ಜಿಗೆಯ ಮಾತು ಬೇರೆ. ಪಿಎಚ್ 4ರ ಸುಮಾರಿಗಿದ್ದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಹಾಲಿನ ಪ್ರೋಟೀನ್ ಇರುವುದರಿಂದ ಹಲ್ಲು ಸವೆಯುವುದು ತೀರಾ ಕಡಿಮೆ. ಒಂದೆಲಗದ ತಂಬುಳಿಗೂ ಅದೇ ಮಾತು. ಎಳನೀರಿನ ಹುಳಿ ಬಹಳ ಕಡಿಮೆ, ಪೊಟ್ಯಾಸಿಯಂ ಧಾರಾಳ, ಸೋಡಿಯಂ ಮಾತ್ರ ಸಾಲದು. ಬೆವರಿದವರು ಜೊತೆಗೆ ಉಪ್ಪಿನ ಅಂಶದ ಏನಾದರೂ ತಿನ್ನಬೇಕು. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ನನ್ನ ಮೊದಲ ಆಯ್ಕೆ ಗಂಜಿ ತಿಳಿ: ಹುಳಿ ಇಲ್ಲ, ಪಿಷ್ಟ ಇದೆ, ಉಪ್ಪನ್ನು ನಾವೇ ಹಾಕಬಹುದು. ಸಿಹಿಯೇ ಬೇಕೆಂದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 40ರಿಂದ 60 ಗ್ರಾಂ ಸಕ್ಕರೆ (ಊಟದ ಚಮಚದಲ್ಲಿ ಮೂರರಿಂದ ಐದು), ಕಾಲು ಟೀ ಚಮಚ ಉಪ್ಪು. ಸಕ್ಕರೆ ಇದಕ್ಕಿಂತ ಹೆಚ್ಚಾದರೆ ಹೊಟ್ಟೆಯಿಂದ ಬೇಗ ಇಳಿಯದೆ ಓಡುವಾಗ ಹೊಟ್ಟೆ ಹಿಡಿದುಕೊಳ್ಳುತ್ತದೆ. ಅದೇ ದಿನ ಮುಗಿಸಿ, ಉಳಿದದ್ದು ಚೆಲ್ಲಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಹುಳುಕಿನ ಭಯ ಕಡಿಮೆಯಾಗುವುದಿಲ್ಲ.

ಬಾಟಲಿಯದ್ದೇ ಕುಡಿಯಬೇಕಾದಾಗ ತಣ್ಣಗಿರಲಿ, ತಣ್ಣಗಿದ್ದಷ್ಟೂ ಸವೆತ ನಿಧಾನ. ಸ್ಟ್ರಾ ಹಲ್ಲಿನ ಹಿಂದಕ್ಕೆ ಹೋಗಲಿ. ಬಾಯಲ್ಲಿ ಮುಕ್ಕಳಿಸಬೇಡಿ, ನಿಗದಿತ ವಿರಾಮದಲ್ಲಿ ಒಮ್ಮೆಗೇ ಕುಡಿದು ತಕ್ಷಣ ಬರಿ ನೀರಿನಿಂದ ಬಾಯಿ ತೊಳೆಯಿರಿ. ಆಮೇಲೆ ಹಲ್ಲುಜ್ಜಲು ಓಡಬೇಡಿ. ಮೆತ್ತಗಾದ ಪದರವನ್ನು ಬ್ರಶ್ಶೇ ಕೆರೆದು ತೆಗೆಯುತ್ತದೆ, ಒಂದು ಗಂಟೆ ತಡೆಯಿರಿ. ಮೆದು ಬ್ರಶ್, 1000ದಿಂದ 1500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಸಾಕು. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ.

ಮೊಬೈಲ್ ಟಾರ್ಚ್ ಹಿಡಿದು ಮಕ್ಕಳ ಹಲ್ಲು ನೋಡಿ. ಬಾಚಿಹಲ್ಲಿನ ಅಂಚು ಗಾಜಿನಂತೆ ಪಾರದರ್ಶಕವಾಗಿದೆಯೇ? ದವಡೆ ಹಲ್ಲಿನ ತುದಿಗಳಲ್ಲಿ ಪುಟ್ಟ ಬಟ್ಟಲಿನಂಥ ಹಳದಿ ಗುಳಿ ಇದೆಯೇ? ಹಳೆಯ ಫಿಲ್ಲಿಂಗ್ ಸುತ್ತಲಿನ ಹಲ್ಲಿಗಿಂತ ಎತ್ತರವಾಗಿ ನಿಂತಿದೆಯೇ? ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆಯೇ? ಒಂದಕ್ಕಾದರೂ ಹೌದು ಎಂದರೆ ದಂತವೈದ್ಯರಲ್ಲಿ ಹೋಗಿ, ಏನು ಕುಡಿಯುತ್ತಾನೆ, ಎಷ್ಟು ಹೊತ್ತು ಕುಡಿಯುತ್ತಾನೆ ಎಂದು ಹೇಳಿ. ಮೇಲಿನ ಬಾಚಿಹಲ್ಲುಗಳ ಒಳಬದಿ ಮಾತ್ರ ಸವೆದಿದ್ದರೆ ಹುಳಿತೇಗಿನ ತೊಂದರೆಯೂ ಇರಬಹುದು, ಅದನ್ನೂ ತೋರಿಸಿ.

ಪಂದ್ಯಾವಳಿ ನಡೆಸುವ ಯುವಕ ಸಂಘಗಳಿಗೆ, ಶಾಲೆಗಳಿಗೆ ಒಂದು ಕೋರಿಕೆ. ಹನ್ನೆರಡು ಜನರ ತಂಡಕ್ಕೆ ಒಂದು ಪಂದ್ಯಕ್ಕೆ ಆರೇಳು ಲೀಟರ್ ಕುಡಿಯುವ ನೀರು ಇಡಿ. ಎರಡನೇ ಪಂದ್ಯಕ್ಕೆ ಉಳಿದ ತಂಡಕ್ಕೆ ಮೂರು ಲೀಟರ್ ಗಂಜಿ ತಿಳಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕೊಡಿ, ಜೊತೆಗೆ ತಲೆಗೊಂದು ಬಾಳೆಹಣ್ಣು. ಆಟವೆಲ್ಲ ಮುಗಿದ ಮೇಲೆ ಮಜ್ಜಿಗೆ. ಪ್ರಾಯೋಜಕರು ಬೇಕಾದರೆ ಬ್ಯಾನರ್ ಕಟ್ಟಿಕೊಳ್ಳಲಿ, ನನ್ನ ತಕರಾರಿಲ್ಲ. 14 ವರ್ಷದೊಳಗಿನವರ ಪಂದ್ಯದಲ್ಲಿ ಮಾತ್ರ ಬಾಟಲಿ ಹಂಚಲು ಬಿಡಬೇಡಿ.