ಡಾಕ್ಟರ್ ಹೂ ನೋಡೋಕೆ ಎಂಟ್ರೆನ್ಸ್ ಪರೀಕ್ಷೆ ಬೇಕಾ?

ಡಾಕ್ಟರ್ ಹೂ ಅಂದರೆ ಟೈಮ್ ಮಷಿನ್‌ನಲ್ಲಿ ಸುತ್ತುವ 'ಡಾಕ್ಟರ್' ಎಂಬಾತನ ಕಥೆ ಹೇಳುವ ಬಿಬಿಸಿ ಸೀರಿಯಲ್. ಅದನ್ನು 'ಎಲ್ಲಿಂದ ಶುರು ಮಾಡಲಿ' ಅಂತ ಯಾರಾದರೂ ಕೇಳಿದರೆ ಸಾಕು, ನಮ್ಮ ಹುಬ್ಬಳ್ಳಿಯ ಪಂಡಿತರಿಗೆ ಎಲ್ಲಿಲ್ಲದ ಹುರುಪು ಬಂದುಬಿಡುತ್ತದೆ. ನೆಟ್ಟಗೆ ಒಂದು ಉತ್ತರ ಕೊಡೋದಿಲ್ಲ. 'ಬುಡದಿಂದ ಬರಬೇಕ್ರೀ, ನಡಕ್ಕ ನೋಡಿದ್ರ ಏನೂ ತಿಳಿಯಂಗಿಲ್ಲ.' ಬುಡ ಅಂದರೆ ಎಲ್ಲಿ? ಮೊದಲ ಎಪಿಸೋಡ್ ಬಂದ 1963ರ ನವೆಂಬರ್!

ನಮ್ಮ ಕಾಕಾನ ಮಗಳಿಗೆ ಆಗಿದ್ದೂ ಇದೇ. ಕಾಲೇಜಿಗೆ ಅಂತ ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಾಳೆ, ದಾರಿಯುದ್ದಕ್ಕೂ ಫೋನಿನಲ್ಲಿ ಏನಾದರೂ ನೋಡುತ್ತಿರುತ್ತಾಳೆ. ಆಸೆ ಹುಟ್ಟಿಸಿದ್ದು ನಾನು. ದುರ್ಗದ ಬೈಲಿನಲ್ಲಿ ಗಿರಮಿಟ್ ತಿನ್ನುವಾಗ ಪರಿಚಯದವನೊಬ್ಬ ಗಂಟು ಬಿದ್ದ. ಅಲ್ಲೇ ನಿಂತು ಅವಳಿಗೆ ಎಪಿಸೋಡ್‌ಗಳದೊಂದು ಎಕ್ಸೆಲ್ ಪಟ್ಟಿ ಕಳಿಸಿದ. ಹಸಿರು ಬಣ್ಣದ್ದು ನೋಡಲೇಬೇಕಂತೆ, ಹಳದಿ ನೋಡಿದರೆ ಒಳ್ಳೇದಂತೆ, ಕೆಂಪು ಮನಸ್ಸು ಗಟ್ಟಿ ಮಾಡಿಕೊಂಡು ನೋಡಬೇಕಂತೆ. ಮನರಂಜನೆ ಇದು, ಅಲ್ವಾ?

ಪಾಪ, ಹುಡುಗಿ ಶುರು ಮಾಡಿದಳು. ಮೊದಲ ಎಪಿಸೋಡ್ ನಿಜಕ್ಕೂ ಚೆನ್ನಾಗಿದೆ. ಗುಜರಿ ಅಂಗಳ, ಟೈಮ್ ಮಷಿನ್ ಆಗಿರುವ ನೀಲಿ ಪೊಲೀಸ್ ಡಬ್ಬಿ, ಕುತೂಹಲದಿಂದ ಒಳಗೆ ನುಗ್ಗುವ ಇಬ್ಬರು ಮೇಷ್ಟ್ರು. ಆಮೇಲೆ? ಮೂರು ಎಪಿಸೋಡ್ ಪೂರ್ತಿ ಗುಹೆಯ ಜನ ಬೆಂಕಿಗಾಗಿ ಕಿತ್ತಾಡುತ್ತಾರೆ. 'ಅಕ್ಕಾ, ಟೈಮ್ ಮಷಿನ್ ಕಥಿ ಅಂದಿದ್ದೆಲ್ಲ? ಇವರು ಬೆಂಕಿ ಹಚ್ಚಾಕ ಒದ್ದಾಡಾಕತ್ತಾರ' ಅಂತ ಫೋನ್ ಮಾಡಿದಳು. ಆವತ್ತೇ ಬಿಟ್ಟಳು. ಈಗ ಕೊರಿಯನ್ ಸೀರಿಯಲ್ ನೋಡುತ್ತಿದ್ದಾಳೆ. ತಪ್ಪು ಅವಳದಲ್ಲ. ಊಟಕ್ಕೆ ಕರೆದು, ಮೊದಲು ಜೋಳ ಬಿತ್ತಿ ಬಾ ಅಂದರೆ ಯಾರು ಕೂರುತ್ತಾರೆ?

ಇನ್ನೊಂದು ತಮಾಷೆ ಕೇಳಿ. ಬುಡದಿಂದ ಪೂರ್ತಿ ನೋಡಬೇಕು ಅಂದರೂ ಆಗೋದಿಲ್ಲ! ಅರವತ್ತರ ದಶಕದ ಎಷ್ಟೋ ಟೇಪುಗಳನ್ನು ಬಿಬಿಸಿಯವರೇ ಅಳಿಸಿಬಿಟ್ಟಿದ್ದಾರೆ. ಕಳೆದುಹೋದ ಕೆಲವು ಎಪಿಸೋಡ್ ನೈಜೀರಿಯಾದಲ್ಲಿ ಸಿಕ್ಕಿವೆ ಅಂತ 2013ರಲ್ಲಿ ಸುದ್ದಿಯಾಯಿತು. ಹಲವು ಎಪಿಸೋಡ್‌ಗಳದು ಜನ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಧ್ವನಿ ಮಾತ್ರ ಉಳಿದಿದೆ. ಇದನ್ನೆಲ್ಲ ಪಟ್ಟಿಯವನಿಗೆ ಹೇಳಿದರೆ, 'ಅದಕ್ಕ ಫೋಟೋ ಜೋಡಿಸಿದ ವಿಡಿಯೋ ಅದಾವ' ಅನ್ನುತ್ತಾನೆ. ಏನು ಹೇಳೋಣ?

ಈ ಸೀರಿಯಲ್ ಇಷ್ಟು ವರ್ಷ ಬಾಳಿದ್ದೇ ಆಗಾಗ ಹೊಸದಾಗಿ ಶುರುವಾಗಿದ್ದಕ್ಕೆ. ಮೊದಲ ಡಾಕ್ಟರ್ ಆಗಿದ್ದ ನಟ ಹಾರ್ಟ್ನೆಲ್ ಆರೋಗ್ಯ ಕೆಟ್ಟಾಗ, 1966ರಲ್ಲಿ ಬೇರೆ ನಟನನ್ನು ತಂದು ಡಾಕ್ಟರನ ಮುಖವನ್ನೇ ಬದಲಾಯಿಸಿದರು. 1989ರಲ್ಲಿ ನಿಂತಿದ್ದು 2005ರಲ್ಲಿ ಮತ್ತೆ ಮೊದಲ ಸೀಸನ್ ಅಂತಲೇ ಬಂತು. 2024ರಲ್ಲೂ ಮತ್ತೆ ಸೀಸನ್ ಒಂದು! ಮಾಡಿದವರೇ ಇಷ್ಟು ಬಾಗಿಲು ತೆರೆದಿಟ್ಟಿರುವಾಗ ಇವರದೇನು ಕಾವಲು?

'ಬ್ಲಿಂಕ್' ಅನ್ನೋ ಎಪಿಸೋಡ್ ಒಂದು ನೋಡು ಸಾಕು ಅನ್ನುವ ಇನ್ನೊಂದು ಗುಂಪಿದೆ. ಅದ್ಭುತ ಎಪಿಸೋಡ್, ಒಪ್ಪಿದೆ. ಆದರೆ ಅದರಲ್ಲಿ ಡಾಕ್ಟರ್ ಇರೋದೇ ಸ್ವಲ್ಪ ಹೊತ್ತು!

2005ರ ಮೊದಲ ಎಪಿಸೋಡ್ 'ರೋಸ್'ನಿಂದ ಶುರು ಮಾಡಿ ಅಂದರೆ ಮುಗಿಯಿತು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಜೀವ ಬಂದ ಬಟ್ಟೆ ಅಂಗಡಿ ಗೊಂಬೆಗಳು. ಅವಳಿಗೂ ಏನೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಜೊತೆಗೇ ಕಲಿಯುತ್ತೇವೆ. ಮನುಷ್ಯನನ್ನು ನುಂಗಿ ತೇಗುವ ಕಸದ ಡಬ್ಬಿ ಬಂದಾಗ ನಗು ಬಂದರೆ ನಗಲಿ ಬಿಡಿ, ನನಗೂ ಬಂದಿತ್ತು.

ಇದನ್ನೇ ಆ ಪುಣ್ಯಾತ್ಮನಿಗೆ ಬರೆದು ಕಳಿಸಿದೆ. ಉತ್ತರ ಬಂದಿದೆ. ಪಟ್ಟಿಯಲ್ಲಿ ಆಡಿಯೋ ನಾಟಕಗಳು ಬಿಟ್ಟುಹೋಗಿದ್ದವಂತೆ, ಈಗ ಸೇರಿಸಿದ್ದಾನಂತೆ.