ಚಿಲ್ಲರೆ ಋಣ

ಮೊನ್ನೆ ಬೀರು ಖಾಲಿ ಮಾಡುವಾಗ ಒಂದು ಹಳೇ ಪ್ಯಾಂಟಿನ ಜೇಬಿನಲ್ಲಿ ಬಸ್ ಟಿಕೆಟ್ ಸಿಕ್ಕಿತು. ಕಂಡಕ್ಟರ್ ಕೈಯ ಮಿಷನ್ನಿನಿಂದ ಸರ್ರನೆ ಹೊರಬರುತ್ತದಲ್ಲ, ಆ ತೆಳು ಕಾಗದದ ಟಿಕೆಟ್. ಅಚ್ಚಾಗಿದ್ದದ್ದೆಲ್ಲ ಅಳಿಸಿಹೋಗಿತ್ತು. ಎಲ್ಲಿಂದ ಎಲ್ಲಿಗೆ, ಯಾವತ್ತು, ಎಷ್ಟು ರೂಪಾಯಿ, ಒಂದೂ ಕಾಣುತ್ತಿರಲಿಲ್ಲ. ತಿರುಗಿಸಿದರೆ ಹಿಂದೆ ನೀಲಿ ಪೆನ್ನಿನಲ್ಲಿ 14 ಎಂದು ಗೀಚಿ, ಸುತ್ತ ಒಂದು ಗೆರೆ ಎಳೆದಿತ್ತು. ಅದು ಮಾತ್ರ ನಿನ್ನೆ ಬರೆದ ಹಾಗೆ ಇತ್ತು.

ಮಗಳಿಗೆ ತೋರಿಸಿದೆ.

"ಇದೇನಪ್ಪಾ, ಓಟಿಪಿನಾ?" ಎಂದಳು.

ಅವಳ ತಪ್ಪಿಲ್ಲ. ಕಾಲೇಜಿಗೆ ಹೋಗುವ ಹುಡುಗಿ. 2023ರ ಜೂನ್‌ನಿಂದ ಅವಳಿಗೆ ಬಸ್ಸು ಪುಕ್ಕಟೆ, ಅಂಗಡಿಯಲ್ಲಿ ಫೋನು. ಅವಳಿಗೂ ಚಿಲ್ಲರೆಗೂ ಪರಿಚಯವೇ ಆಗಿಲ್ಲ. "ಹದಿನಾಲ್ಕು ರೂಪಾಯಿ ಬಾಕಿ ಕಣಮ್ಮ. ಕಂಡಕ್ಟರ್ ಕೊಡಬೇಕಿತ್ತು. ನಾನು ಮರೆತು ಇಳಿದುಬಿಟ್ಟಿದ್ದೀನಿ" ಎಂದೆ. "ಅಯ್ಯೋ ಪಾಪ" ಎಂದಳು. ನನಗೋ ಕಂಡಕ್ಟರಿಗೋ ಗೊತ್ತಾಗಲಿಲ್ಲ.

ಟಿಕೆಟ್ ಹಿಂದೆ ಹೀಗೆ ಬರೆದು, "ಇಳಿಯುವಾಗ ಇಸ್ಕೊಳ್ಳಿ" ಎಂದು ಕಂಡಕ್ಟರ್ ಮುಂದಕ್ಕೆ ಹೋದರೆ ಮುಗಿಯಿತು, ಪ್ರಯಾಣದ ಸುಖ ಅಲ್ಲಿಗೇ ಹೋಯಿತು. ಕಿಟಕಿ ಪಕ್ಕ ಸೀಟು ಸಿಕ್ಕಿದ್ದರೂ ಕಣ್ಣು ಹೊರಗೆ ಹೋಗುವುದಿಲ್ಲ. ಅವರ ಚೀಲಕ್ಕೆ ಹತ್ತರ ನೋಟು ಎಷ್ಟು ಬಿದ್ದವು, ನಮಗಿಂತ ಮೊದಲು ಬರೆಸಿಕೊಂಡವರು ಎಷ್ಟು ಜನ, ಇದೇ ಲೆಕ್ಕ. ನಿದ್ದೆ ಬಂದರೂ ಮಾಡುವ ಹಾಗಿಲ್ಲ. ಕೆಲವು ಸಲ ಇಬ್ಬರಿಗೆ ಸೇರಿಸಿ ಒಂದೇ ನೋಟು ಕೊಟ್ಟು "ಹಂಚ್ಕೊಳ್ಳಿ" ಎಂದುಬಿಡುತ್ತಿದ್ದರು. ಗುರುತು ಪರಿಚಯ ಇಲ್ಲದ ಇಬ್ಬರು ಒಂದು ನೋಟಿಗೆ ಗಂಟುಬಿದ್ದು ಜೊತೆಯಾಗಿ ಇಳಿಯಬೇಕು. ತಿಪಟೂರಿನಲ್ಲಿ ಒಮ್ಮೆ ಹೀಗೆ ಒಬ್ಬರು ಮೇಷ್ಟ್ರ ಜೊತೆ ಇಳಿದೆ. ನೂರು ರೂಪಾಯಿ ಮುರಿಸಲು ನಾಲ್ಕು ಅಂಗಡಿ ಅಲೆದೆವು. ಯಾರೂ ಕೊಡಲಿಲ್ಲ. ಕೊನೆಗೆ ಹೋಟೆಲಿಗೆ ನುಗ್ಗಿ ಕಾಫಿ ಕುಡಿದು ಚಿಲ್ಲರೆ ಹುಟ್ಟಿಸಿದೆವು. ಲೋಟ ಖಾಲಿಯಾಗುವ ಹೊತ್ತಿಗೆ ಅವರು ನಮ್ಮ ಸೋದರಮಾವನ ಕ್ಲಾಸ್‌ಮೇಟ್ ಎಂದು ಗೊತ್ತಾಯಿತು. ಆಮೇಲೆ ಹಂಚಿಕೊಳ್ಳುವುದಕ್ಕೆ ಇಬ್ಬರಿಗೂ ನಾಚಿಕೆ. ನೀವು ಇಟ್ಕೊಳ್ಳಿ, ಇಲ್ಲ ನೀವು ಇಟ್ಕೊಳ್ಳಿ.

ನಮ್ಮ ರಸ್ತೆಯ ಶೆಟ್ರ ಅಂಗಡಿಯಲ್ಲಿ ಚಿಲ್ಲರೆಯ ಜಾಗದಲ್ಲಿ ಚಾಕ್ಲೇಟ್ ಓಡುತ್ತಿತ್ತು. ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಗಾಜಿನ ಡಬ್ಬಿ. ಎರಡು ರೂಪಾಯಿ ಬರಬೇಕೆಂದರೆ ಎರಡು ಚಾಕ್ಲೇಟ್. ಸಕ್ಕರೆ ಕಾಯಿಲೆ ಇದೆ ಎಂದವರಿಗೆ ಬೆಂಕಿಪೊಟ್ಟಣ. ಅದು 2021ರ ಡಿಸೆಂಬರ್‌ವರೆಗೂ ಒಂದು ರೂಪಾಯಿಗೇ ಸಿಗುತ್ತಿತ್ತು, ಹಾಗಾಗಿ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ನಮ್ಮಮ್ಮನ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ಊರಿಗೇ ಬೆಂಕಿ ಹಚ್ಚುವಷ್ಟು ಪೊಟ್ಟಣ ಸೇರಿದ್ದವು. ಒಂದು ದಿನ ನಾನು ಅವರ ಚಾಕ್ಲೇಟನ್ನೇ ಕೂಡಿಟ್ಟು, ಐದು ಚಾಕ್ಲೇಟ್ ಕೊಟ್ಟು ಒಂದು ಪೆನ್ನು ಕೇಳಿದೆ. ಶೆಟ್ರು ಮುಖ ಸಿಂಡರಿಸಿದರು. "ತಮಾಷೆ ಮಾಡ್ಬೇಡಿ ಸ್ವಾಮಿ" ಎಂದರು. ಅವರ ಕೈಯಿಂದ ಹೊರಟಾಗ ಅದು ದುಡ್ಡು. ನಮ್ಮ ಕೈಯಿಂದ ವಾಪಸ್ ಹೋಗುವಾಗ ಬರೀ ಮಿಠಾಯಿ.

ಇಂಥ ಶೆಟ್ರು ಫೋನಿಗೆ ಬಗ್ಗಿದ್ದು ಸುಲಭವಾಗಿ ಅಲ್ಲ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಆಗ ನಮ್ಮ ಬೀದಿಯಲ್ಲಿ ಅದರ ಗೊಡವೆ ಯಾರಿಗೂ ಇರಲಿಲ್ಲ. ಅದೇ ವರ್ಷ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಿಂತಾಗ ಎದುರು ಸಾಲಿನ ಬೇಕರಿಯವನು ಸ್ಟಿಕ್ಕರ್ ಅಂಟಿಸಿಯೇಬಿಟ್ಟ. ಶೆಟ್ರು ಮಾತ್ರ ಉದ್ರಿ ಪುಸ್ತಕ ದಪ್ಪ ಮಾಡಿಕೊಂಡರು. "ಕೈಗೆ ಸಿಗದೇ ಇರೋದು ದುಡ್ಡು ಹೇಗಾಗುತ್ತೆ?" ಎಂಬುದು ಅವರ ಪ್ರಶ್ನೆ. ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವರನ್ನು ಬಗ್ಗಿಸಿದ್ದು 2020ರ ಕೊರೊನಾ. ಮೊದಮೊದಲು ಬಂದ ನೋಟಿಗೆಲ್ಲ ಸ್ಯಾನಿಟೈಸರ್ ಹೊಡೆದು, ಅಂಗಡಿ ಹಿಂದೆ ದಾರ ಕಟ್ಟಿ, ಕ್ಲಿಪ್ ಹಾಕಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಒಣಗಲಿಲ್ಲ. ಆಮೇಲೆ ಅವರ ಕೌಂಟರಿನ ಮೇಲೂ ಕಪ್ಪು ಬಿಳಿ ಚೌಕ ಬಂತು.

ಆ ಚೌಕದ ಹುಟ್ಟೂರು ಜಪಾನ್. 1994ರಲ್ಲಿ ಡೆನ್ಸೊ ಎಂಬ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಮಸಾಹಿರೋ ಹರಾ ಎಂಬ ಎಂಜಿನಿಯರ್ ಮತ್ತು ಅವರ ಜೊತೆಯವರು ಡಬ್ಬಗಳ ಲೆಕ್ಕ ಇಡಲು ಮಾಡಿದ್ದು. ಕಪ್ಪು ಬಿಳಿ ಕಾಯಿಗಳಲ್ಲಿ ಆಡುವ 'ಗೋ' ಆಟದ ಮಣೆ ನೋಡಿ ಹೊಳೆಯಿತಂತೆ. ಮೂರು ಮೂಲೆಯಲ್ಲಿ ಮೂರು ದೊಡ್ಡ ಚೌಕ ಇರುತ್ತದಲ್ಲ, ಅದರಿಂದಲೇ ಫೋನಿಗೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಗೊತ್ತಾಗುವುದು. ನಮ್ಮ ಹೂವಮ್ಮ ಬುಟ್ಟಿಗೆ ಅದನ್ನು ತಲೆಕೆಳಗಾಗಿ ನೇತುಹಾಕಿದ್ದರೂ ದುಡ್ಡು ನೆಟ್ಟಗೇ ಹೋಗುತ್ತದೆ. ಇದರ ಹೆಸರು ಏನೇ ಇರಲಿ, ನಮ್ಮಲ್ಲಿ ಎಲ್ಲರೂ ಕರೆಯುವುದು 'ಸ್ಕ್ಯಾನರ್' ಎಂದು. ಸ್ಕ್ಯಾನ್ ಮಾಡುವುದು ನಮ್ಮ ಫೋನು, ಹೆಸರು ಆ ರಟ್ಟಿಗೆ! ಯಾವ ಆ್ಯಪ್ ಇದ್ದರೂ 'ಫೋನ್ ಪೇ ಮಾಡ್ಲಾ?' ಎಂದೇ ಕೇಳುವುದು. ಇನ್ನು ದುಡ್ಡನ್ನು ಕೊಡುವುದೂ ಇಲ್ಲ, ಕಳಿಸುವುದೂ ಇಲ್ಲ. 'ಹೊಡೆಯುವುದು'. "ಶೆಟ್ರೇ, ಇಪ್ಪತ್ಮೂರು ಹೊಡ್ದೆ ನೋಡಿ." ಮೊದಲ ಸಲ ಕೇಳಿದಾಗ ನಮ್ಮಮ್ಮ ಗಾಬರಿಯಾಗಿದ್ದರು.

ಹೊಡೆದದ್ದು ಬಂದು ತಗಲಿತೋ ಇಲ್ಲವೋ ಎಂದು ಸಾರುವುದಕ್ಕೆ ಒಂದು ಪೆಟ್ಟಿಗೆ. "ಇಪ್ಪತ್ತಮೂರು ರೂಪಾಯಿಗಳನ್ನು ಸ್ವೀಕರಿಸಲಾಗಿದೆ." ನಮ್ಮ ಬೀದಿಯಲ್ಲಿ 'ಸ್ವೀಕರಿಸಲಾಗಿದೆ' ಎಂದು ಮಾತಾಡುವುದು ಅದೊಂದೇ. ಶೆಟ್ರು ಮೂವತ್ತು ವರ್ಷದಲ್ಲಿ ಆ ಪದ ಬಳಸಿಲ್ಲ. ಪೆಟ್ಟಿಗೆಗೆ ತಿಂಗಳ ಬಾಡಿಗೆ ಬೇರೆ ಕೊಡಬೇಕು ಎಂದು ಅವರಿಗೆ ಸಂಕಟ, ಆದರೆ ಅದು ಇಲ್ಲದೆ ಆಗುವುದಿಲ್ಲ. ಬರೀ ಸ್ಕ್ರೀನ್‌ಶಾಟ್ ತೋರಿಸಿ ಎರಡು ಕೇಜಿ ತೊಗರಿಬೇಳೆ ಹೊತ್ತೊಯ್ದವರು ಇದ್ದಾರಂತೆ.

ನನ್ನ ಸಂಕಟ ಬೇರೆ. ಮುಂಚೆ ನಾನು ಎಷ್ಟು ಕೊಟ್ಟೆ ಎಂಬುದು ನನಗೂ ಶೆಟ್ರಿಗೂ ಮಾತ್ರ ಗೊತ್ತಿರುತ್ತಿತ್ತು. ಈಗ ಅದು ಬೀದಿಗೇ ಗೊತ್ತು. ನನ್ನ ಮುಂದಿನವರದು ಎರಡು ಸಾವಿರದ ಚಿಲ್ಲರೆ ಎಂದು ಪೆಟ್ಟಿಗೆ ಗಟ್ಟಿಯಾಗಿ ಕೂಗುತ್ತದೆ. ಹಿಂದೆಯೇ ನನ್ನದು ಬರುತ್ತದೆ. "ಎಂಟು ರೂಪಾಯಿಗಳನ್ನು ಸ್ವೀಕರಿಸಲಾಗಿದೆ." ಅದೇ ಗಂಭೀರ ದನಿ. ಕೊತ್ತಂಬರಿ ಸೊಪ್ಪು ಹಿಡಿದು ತಲೆ ತಗ್ಗಿಸಿ ಹೊರಡುವುದೇ ವಾಸಿ.

ಆ ಎಂಟು ರೂಪಾಯಿ ಕೌಂಟರಿನ ಈಚೆಯಿಂದ ಆಚೆಗೆ ಹೋಗಲು ಪಡುವ ಪಾಡು ನೆನೆದರೆ ನಗು ಬರುತ್ತದೆ. ನಾನು ಗುಟ್ಟಿನ ನಂಬರ್ ಒತ್ತಬೇಕು. ನನ್ನ ಬ್ಯಾಂಕು ಹೂಂ ಎನ್ನಬೇಕು. ನಡುವೆ ಕೂತಿರುವ ರಾಷ್ಟ್ರೀಯ ಪಾವತಿ ನಿಗಮದವರು ಈ ಕಡೆ ತೆಗೆದು ಆ ಕಡೆ ಹಾಕಿಸಬೇಕು. ಶೆಟ್ರ ಬ್ಯಾಂಕು ಸಿಕ್ಕಿತು ಎನ್ನಬೇಕು. ಎಲ್ಲ ನಾಲ್ಕೈದು ಸೆಕೆಂಡಿನಲ್ಲಿ, ಕೊತ್ತಂಬರಿಗೆ! 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿ ಸಲ ಹೀಗೆ ಆಯಿತು. ದಿನಕ್ಕೆ 64 ಕೋಟಿ. ಅದರಲ್ಲಿ ಎಷ್ಟು ಕೊತ್ತಂಬರಿಯೋ.

ಒಮ್ಮೊಮ್ಮೆ ನಿಲ್ಲುತ್ತದೆ ಕೂಡ. 2025ರ ಏಪ್ರಿಲ್ 12, ಶನಿವಾರ, ದೇಶದ ತುಂಬಾ ಯುಪಿಐ ಕೈಕೊಟ್ಟಿತು. ನಾನು ಆಗಷ್ಟೇ ಮಸಾಲೆದೋಸೆ ಮುಗಿಸಿದ್ದೆ. ಫೋನಿನ ಮೇಲೆ ಬಿಳಿ ಉಂಗುರ ತಿರುಗುತ್ತಲೇ ಇತ್ತು. ಕ್ಯಾಷಿಯರ್ ನನ್ನ ಮುಖ ನೋಡಿದರು. ನಾನು ಉಂಗುರ ನೋಡಿದೆ. ನನ್ನ ಹಿಂದೆ ಹನ್ನೆರಡು ಜನ, ಹನ್ನೆರಡು ಉಂಗುರ. ತಿಂದ ದೋಸೆಯನ್ನು ವಾಪಸ್ ಕೊಡುವ ಹಾಗೂ ಇಲ್ಲ. ಕೊನೆಗೆ ಮೂಲೆಯ ಟೇಬಲ್ಲಿನಿಂದ ಒಬ್ಬರು ಅಜ್ಜ ಎದ್ದು ಬಂದು, ಅಂಗಿಯ ಒಳಜೇಬಿನಿಂದ ನೋಟು ತೆಗೆದು, ಎಂಜಲು ಹಚ್ಚಿ ಎಣಿಸಿ, ತಮ್ಮ ಬಿಲ್ಲು ಕೊಟ್ಟು ನಮ್ಮನ್ನೆಲ್ಲ ಒಂದು ಸಲ ನೋಡಿ ಹೋದರು. ಆ ನೋಟವನ್ನು ಮರೆಯಲು ಆಗಿಲ್ಲ.

ಹೂವಮ್ಮನ ಬುಟ್ಟಿ ಎಂದೆನಲ್ಲ. ಅವರಿಗೆ ಪೆಟ್ಟಿಗೆ ಇಲ್ಲ, ಓದಲೂ ಬರುವುದಿಲ್ಲ. ದುಡ್ಡು ಹೊಡೆದು ಫೋನು ತೋರಿಸಿದರೆ "ಹಸಿರು ಬಂತಾ? ಬಿಡಿ, ಆಯ್ತು" ಎನ್ನುತ್ತಾರೆ. ಮೊಳ ಹಾಕುವಾಗ ಮುಂಗೈ ಉದ್ದದ ಮೇಲೆ ಒಂದು ಬೆರಳು ಕೊಸರು ಹಾಕುವುದನ್ನು ಮಾತ್ರ ಬಿಟ್ಟಿಲ್ಲ. ಒಂದು ಬೆಳಿಗ್ಗೆ ನಾನು ಫೋನು ಎತ್ತಿದ ಕೂಡಲೇ ತಡೆದರು. "ಬೋಣಿ ಸ್ವಾಮಿ. ಕೈಲಿ ಕೊಡಿ."

ಬೋಣಿಗೆ ಲಕ್ಷ್ಮಿ ಕೈಗೆ ಬರಬೇಕು, ಕಣ್ಣಿಗೆ ಒತ್ತಿಕೊಳ್ಳಬೇಕು, ಅದಕ್ಕೆ ಎಂದುಕೊಂಡೆ. ಅದೂ ಇತ್ತು. ಆದರೆ ಪೂರ್ತಿ ವಿಷಯ ಆಮೇಲೆ ಹೇಳಿದರು. ಆ ಸ್ಕ್ಯಾನರ್ ಅವರ ಮಗನ ಬ್ಯಾಂಕಿನದು. ಹೂವು ಕಟ್ಟುವುದು ಇವರು, ಬಿಸಿಲಿಗೆ ಕೂರುವುದು ಇವರು, ಟಣ್ ಎಂದು ಸದ್ದು ಬರುವುದು ಮಗನ ಫೋನಿಗೆ. "ಮುಂಚೆ ಸೆರಗಿನ ತುದೀಲಿ ಇಪ್ಪತ್ತೋ ಮೂವತ್ತೋ ಗಂಟು ಹಾಕ್ಕೊಂಡ್ರೆ ನಂದು. ಎಲೆ ಅಡಿಕೆಗೆ, ಮೊಮ್ಮಗೂಗೆ ಬನ್ನಿಗೆ. ಈಗ ಎಲೆ ಅಡಿಕೆಗೂ ಅವ್ನ್ನ ಕೇಳ್ಬೇಕು." ಮಗ ಒಳ್ಳೆಯವನೇ, ಕೇಳಿದರೆ ಕೊಡುತ್ತಾನೆ. ಕೇಳಬೇಕು ಎಂಬುದೇ ಅವರ ದುಃಖ. ಅಂದಿನಿಂದ ಹೂವಿಗೆಂದೇ ಹತ್ತಿಪ್ಪತ್ತು ರೂಪಾಯಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದನ್ನು ಹೊಂದಿಸುವುದೇ ಒಂದು ಕೆಲಸ, ಎಟಿಎಂಗೆ ಹೋದರೆ ಐನೂರೇ ಉದುರುತ್ತದೆ.

ಇಷ್ಟರಲ್ಲಿ 2025ರ ಜುಲೈ ಬಂತು. ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತೆಗೆದು ಸಣ್ಣಪುಟ್ಟ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು ಎಂಬುದು ನಿಯಮ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ ವಹಿವಾಟು ಹಿಡಿದು 29 ಲಕ್ಷ ಕಟ್ಟಿ ಎಂದು ಬಂದಿತ್ತು. ಹಸಿ ತರಕಾರಿಗೆ ತೆರಿಗೆಯೇ ಇಲ್ಲ! ನೋಟು ಜೇಬಿನಿಂದ ಜೇಬಿಗೆ ಹೋದರೆ ಹೆಜ್ಜೆ ಉಳಿಯುವುದಿಲ್ಲ. ಇದು ಎಂಟು ರೂಪಾಯಿಯ ಕೊತ್ತಂಬರಿಯನ್ನೂ ಬರೆದಿಟ್ಟುಕೊಂಡಿರುತ್ತದೆ ಎಂಬುದು ಜನಕ್ಕೆ ಆಗ ತಲೆಗೆ ಹೋಯಿತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಬೋರ್ಡು ಎದ್ದವು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕೂರಿಸಿ ಮಾತಾಡಿ, ಹಳೇ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು.

ಶೆಟ್ರಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಟಿವಿ ನೋಡಿದ ರಾತ್ರಿಯೇ ಸ್ಕ್ಯಾನರ್ ತೆಗೆದು ಒಳಗಿಟ್ಟರು. ಪೆಟ್ಟಿಗೆಯನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟರು, ಅದೇ ಹೋಗಿ ಚಾಡಿ ಹೇಳುತ್ತದೆ ಎನ್ನುವ ಹಾಗೆ.

ಮಾರನೇ ದಿನ ನಾನು 46 ರೂಪಾಯಿ ಸಾಮಾನು ಕಟ್ಟಿಸಿಕೊಂಡು ಐನೂರರ ನೋಟು ಚಾಚಿದೆ.

"ಚಿಲ್ಲರೆ ಇಲ್ವಾ?" ಎಂದರು ಶೆಟ್ರು. ಎಷ್ಟೋ ವರ್ಷದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದೆ.

"ಇಲ್ಲ ಶೆಟ್ರೇ."

"ನನ್ನತ್ರಾನೂ ಇಲ್ಲ. ತಗೊಂಡ್ ಹೋಗಿ, ನಾಳೆ ಕೊಡಿ." ಕೆಳಗಿನ ಖಾನೆಯಿಂದ ಉದ್ರಿ ಪುಸ್ತಕ ತೆಗೆದು, ಧೂಳು ಹೊಡೆದು, ನನ್ನ ಹೆಸರು ಹುಡುಕಿದರು. ಸಿಕ್ಕಿತು. 2019ರದ್ದು, ಹೊಡೆದುಹಾಕಿತ್ತು. ಅದರ ಕೆಳಗೇ 46 ಎಂದು ಬರೆದರು. ಬರೆಯುತ್ತಾ ಮಗಳ ಓದು ಎಲ್ಲಿಗೆ ಬಂತು, ಅಮ್ಮನ ಮಂಡಿ ನೋವು ಹೇಗಿದೆ ಎಂದು ಕೇಳಿದರು. ದಿನಾ ಹೋಗುವ ಅಂಗಡಿ. ಇದನ್ನೆಲ್ಲ ಕೇಳಿ ಎಷ್ಟು ಕಾಲವಾಗಿತ್ತು ಎಂದು ದಾರಿಯಲ್ಲಿ ಲೆಕ್ಕ ಹಾಕಿದೆ. ಪೆಟ್ಟಿಗೆ ಬಂದ ಮೇಲೆ ಇಬ್ಬರೂ ಅದು ಕೂಗುವುದನ್ನೇ ಕಾಯುತ್ತಿದ್ದೆವು, ಅಲ್ವಾ? ಕೂಗಿತು, ನಾನು ಹೊರಟೆ. ಕೇಳುವುದಕ್ಕೆ ಹೊತ್ತಾದರೂ ಎಲ್ಲಿತ್ತು.

ಹತ್ತು ದಿನ ಆಗಿರಬಹುದು, ಸ್ಕ್ಯಾನರ್ ಮತ್ತೆ ಹೊರಗೆ ಬಂತು. ನೋಟು ಇಟ್ಟುಕೊಂಡೇ ಹೋಗಿದ್ದೆ. ಆ ಐನೂರು ಇನ್ನೂ ಮುರಿದಿರಲಿಲ್ಲ. ಹಳೇ ಬಾಕಿ 46ಕ್ಕೆ ಫೋನಿನಿಂದ 50 ಹೊಡೆದೆ. ಕೈತಪ್ಪಿ ಅಂತ ಹೇಳಿದೆ. ಶೆಟ್ರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು.

"ನಾಲ್ಕು ರೂಪಾಯಿ ಜಾಸ್ತಿ ಬಂದಿದೆ."

"ಇರ್ಲಿ ಬಿಡಿ. ನಾಳೆ ಇಸ್ಕೋತೀನಿ."

"ನಾಳೆ ಯಾಕೆ, ಈಗಲೇ ತಗೊಳ್ಳಿ" ಎಂದು ಗಾಜಿನ ಡಬ್ಬಿಗೆ ಕೈ ಹಾಕಿದರು. ಮುಚ್ಚಳ ಬಿಗಿದುಕೊಂಡಿತ್ತು. ತಿರುಚಿ, ಕೌಂಟರಿಗೆ ಕುಟ್ಟಿ ತೆಗೆದರು. ತಳದಲ್ಲಿದ್ದ ನಾಲ್ಕು ಚಾಕ್ಲೇಟ್ ಎಣಿಸಿ ನನ್ನ ಅಂಗೈಗೆ ಹಾಕಿದರು.

ಯಾವ ಕಾಲದ್ದೋ. ಕರಗಿ ಕಾಗದಕ್ಕೆ ಅಂಟಿಕೊಂಡಿದ್ದವು. ಉಗುರಲ್ಲಿ ಕೆರೆದರೂ ಬಿಡಲಿಲ್ಲ. ಒಂದನ್ನು ಕಾಗದದ ಸಮೇತ ಬಾಯಿಗೆ ಹಾಕಿಕೊಂಡು, ಮಿಕ್ಕ ಮೂರನ್ನು ಹೂವಮ್ಮನ ಮೊಮ್ಮಗನಿಗೆ ಕೊಡೋಣವೆಂದು ಜೇಬಿಗಿಳಿಸಿ ಮನೆ ಕಡೆ ನಡೆದೆ.