ಬಂತು, ಬಂತು... ಹೋತು!

ನಾಗರ ಪಂಚಮಿ ಒಂದು ವಾರವಿರುವಾಗ ನಮ್ಮ ಮನೆಯ ಟಿವಿ ಕಣ್ಣು ಮುಚ್ಚಿತು. ಬಾಯಿ ಮಾತ್ರ ನಡೆದೇ ಇತ್ತು. ಪರದೆ ಕರ್ರಗೆ, ಒಳಗಿನಿಂದ ಅತ್ತೆ-ಸೊಸೆಯರ ಜಗಳ ಸ್ವಚ್ಛ. 1950ರಿಂದ ಆಕಾಶವಾಣಿ ಕೇಳಿಕೊಂಡು ಬಂದ ಊರು ನಮ್ಮ ಧಾರವಾಡ. ಕಿವಿಯಿಂದಲೇ ನೋಡುವುದು ಇಲ್ಲಿಯವರಿಗೆ ಹೊಸತೇನಲ್ಲ. ಅವ್ವನೂ ಎರಡು ಸಂಜೆ ಹಾಗೇ ಸುಧಾರಿಸಿಕೊಂಡಳು. ಮೂರನೆಯ ಸಂಜೆ ಧಾರಾವಾಹಿಯೊಳಗೆ ಫಟಾರ್ ಅಂತ ಕಪಾಳಕ್ಕೆ ಬಿದ್ದ ಸಪ್ಪಳ ಬಂತು, ಆಮೇಲೆ ಬರೀ ಸಂಗೀತ. ಯಾರು ಯಾರಿಗೆ ಬಾರಿಸಿದರು ಎಂದು ತಿಳಿಯದೆ ಅವ್ವ ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು.

ರಿಪೇರಿಯವನು ಬಂದು ಹಿಂದಿನ ಮುಚ್ಚಳ ತೆಗೆದು, ಒಳಗೆ ಊದಿ, ಮತ್ತೆ ಮುಚ್ಚಿದ. "ಪ್ಯಾನೆಲ್ ಹೋಗೇತ್ರಿ ಸರ. ಇದಕ್ಕ ಹಾಕೂ ರೊಕ್ಕಕ್ಕ ಇನ್ನೊಂದೀಟು ಸೇರಿಸಿದ್ರ ಹೊಸಾದಾ ಬರತೈತಿ" ಅಂದ. ಇನ್ನೊಂದೀಟು ಎಂದರೆ ಎಷ್ಟು ಎಂದು ಕೇಳಿ ನಾನು ಸುಮ್ಮನಾದೆ.

ಮನೆಯಲ್ಲಿ ಲ್ಯಾಪ್‌ಟಾಪ್ ಇದೆಯಲ್ಲ! ಆದರೆ ಇಂಟರ್ನೆಟ್ ಇರಲಿಲ್ಲ. ಓಣಿಯಲ್ಲಿ ಪೈಪಿಗೆಂದು ತಗ್ಗು ತೆಗೆದಾಗ ನೆಲದೊಳಗಿನ ವೈರು ಹರಿದಿತ್ತು. ಮೊಬೈಲಿನ ದಿನದ ಡೇಟಾ ಮಗನ ಕೈಯಲ್ಲಿ ಮಧ್ಯಾಹ್ನದ ಊಟದೊಳಗೇ ತೀರುತ್ತದೆ. ಇಂಥ ಹೊತ್ತಿನಲ್ಲೇ ನನ್ನೊಳಗಿನ ಶ್ಯಾಣ್ಯಾ ಎದ್ದು ಕೂಡುವುದು. ಇಂಟರ್ನೆಟ್ ಹುಟ್ಟುವ ಮೊದಲು ಜನ ಟಿವಿ ನೋಡಿಲ್ಲವೆ? ಆಕಾಶದಿಂದ ಪುಕ್ಕಟೆ ಬರುವುದನ್ನು ಲ್ಯಾಪ್‌ಟಾಪಿನೊಳಗೆ ಇಳಿಸಿದರಾಯಿತು.

ಅಟ್ಟದ ಡಬ್ಬಿಯಲ್ಲಿ ಹಳೆಯ ಯುಎಸ್‌ಬಿ ಟಿವಿ ಟ್ಯೂನರ್ ಸಿಕ್ಕಿತು, ಬಾಲದಂಥ ಪುಟ್ಟ ಆಂಟೆನಾ ಸಮೇತ. ಹಚ್ಚಿ, 'ಚಾನೆಲ್ ಹುಡುಕು' ಒತ್ತಿದೆ. ಇಪ್ಪತ್ತು ನಿಮಿಷ ಹುಡುಕಿ ಸೊನ್ನೆ ಎಂದಿತು. ಕಿಟಕಿಗೆ ಕಟ್ಟಿ ನೋಡಿದೆ, ಸೊನ್ನೆ. ಮಗನ ಕೈಗೆ ಕೊಟ್ಟು ಕುರ್ಚಿಯ ಮೇಲೆ ನಿಲ್ಲಿಸಿದೆ, ಸೊನ್ನೆ. ಆಮೇಲೆ ತಲೆಗೆ ಹೊಳೆಯಿತು: ಅದು ಅನಲಾಗ್ ಕಾಲದ್ದು. ದೂರದರ್ಶನದ ಆ ಹಳೆಯ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಬಾಗಿಲು ಹಾಕಿ, 2022ರ ಹೊತ್ತಿಗೆ ಬಹುತೇಕ ಎಲ್ಲವೂ ಬಂದ್ ಆಗಿವೆ. ಊರು ಬಿಟ್ಟು ಹೋದವರ ಮನೆಯ ಬಾಗಿಲನ್ನು ಇಪ್ಪತ್ತು ನಿಮಿಷ ಬಡಿದು ಬಂದಿದ್ದೆ.

ಆದರೂ ಮಾಳಿಗೆಯ ಮೇಲೆ ಡಿಡಿ ಫ್ರೀ ಡಿಶ್ಶಿನ ಛತ್ರಿ ಇತ್ತು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ; ತಿಂಗಳಾ ರೊಕ್ಕ ಕಟ್ಟಬೇಕಿಲ್ಲ ಎಂಬ ಒಂದೇ ಗುಣಕ್ಕೆ ನಾನು ಮರುಳಾದದ್ದು. ಛತ್ರಿಯಿಂದ ಬಾಕ್ಸಿಗೆ ಸಿಗ್ನಲ್ ಬರುತ್ತದೆ. ಬಾಕ್ಸಿಗೆ ಎಚ್‌ಡಿಎಂಐ ತೂತು ಇದೆ, ಲ್ಯಾಪ್‌ಟಾಪಿಗೂ ಇದೆ. ಕೇಬಲ್ ಎರಡೂ ಕಡೆ ಜಾತಕ ಕೂಡಿದ ಹಾಗೆ ಟಕ್ಕೆಂದು ಕೂತಿತು. ಮನೆಮಂದಿಯೆಲ್ಲ ಬಂದು ಎದುರು ಕೂತರು. ಪರದೆಯ ಮೇಲೆ ನನ್ನ ಆಫೀಸಿನ ಎಕ್ಸೆಲ್ ಶೀಟೇ ನಿಂತಿತ್ತು. ಅವ್ವ ಅದನ್ನೇ ಐದು ನಿಮಿಷ ನೋಡಿ, "ಇದು ಜಾಹೀರಾತೇನು?" ಎಂದು ಕೇಳಿದಳು.

ಮರುದಿನ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಕೊಪ್ಪೀಕರ ರಸ್ತೆಯ ಹತ್ತಿರದ ಅಂಗಡಿಯವನು ನನ್ನ ಕಥೆಯನ್ನು ಪೂರ್ತಿ ಕೇಳಿ, ನಗು ತಡೆದುಕೊಂಡು ಹೇಳಿದ: "ಸರ, ಬಾಕ್ಸಿಂದೂ ಹೊರಗ ಮಾತಾಡೂ ಬಾಯಿ, ಲ್ಯಾಪ್‌ಟಾಪಿಂದೂ ಹೊರಗ ಮಾತಾಡೂ ಬಾಯಿ. ಎರಡೂ ಬಾಯಿ ಕೂಡಿಸಿದ್ರ ಕೇಳವ್ರು ಯಾರ್ರಿ?" ಲ್ಯಾಪ್‌ಟಾಪಿನ ಎಚ್‌ಡಿಎಂಐ ಚಿತ್ರವನ್ನು ಹೊರಗೆ ಕಳಿಸುತ್ತದೆ, ಒಳಗೆ ತಗೊಳ್ಳುವುದಿಲ್ಲ. ಹನ್ನೆರಡು ವರ್ಷ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಂಡವನಿಗೆ ಇದು ಗೊತ್ತಿರಲಿಲ್ಲ ಎಂಬುದನ್ನು ದಯವಿಟ್ಟು ನಮ್ಮ ಆಫೀಸಿಗೆ ಮುಟ್ಟಿಸಬೇಡಿ.

ಅವನು ಒಂದು ಕ್ಯಾಪ್ಚರ್ ಕಡ್ಡಿ ಕೊಟ್ಟ, ಬಾಕ್ಸಿನ ಚಿತ್ರವನ್ನು ಲ್ಯಾಪ್‌ಟಾಪಿನೊಳಗೆ ಇಳಿಸುವಂಥದ್ದು. ಒಂದು ತುದಿಗೆ ಕೆಂಪು, ಬಿಳಿ, ಹಳದಿ ಪಿನ್ನು. ಇನ್ನೊಂದು ತುದಿಗೆ ಯುಎಸ್‌ಬಿ. ಆರುನೂರು ರೂಪಾಯಿ. ಬಸ್ಸಿನೊಳಗೆ ಇಡೀ ದಾರಿ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಸಣ್ಣದೊಂದು ಸಿಡಿ, ಅದರೊಳಗೆ ಡ್ರೈವರ್, ಅಂದರೆ ಕಡ್ಡಿಯನ್ನು ನಡೆಸುವ ತಂತ್ರಾಂಶ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯೇ ಇಲ್ಲ. ಅಂಗಡಿಗೆ ಫೋನು ಮಾಡಿದೆ. "ಅದಕ್ಯಾಕ ಚಿಂತಿ ಮಾಡತೀರಿ ಸರ, ಡ್ರೈವರ್ ಇಂಟರ್ನೆಟ್‌ನ್ಯಾಗ ಪುಕ್ಕಟೆ ಸಿಗತೈತಿ" ಅಂದ. ಇಂಟರ್ನೆಟ್ ಇಲ್ಲದೆ ಟಿವಿ ನೋಡಲು ಇಂಟರ್ನೆಟ್ ಬೇಕಿತ್ತು. ಕಡೆಗೆ ಬಾಜೂಮನೆ ಹುಡುಗ ಪೆನ್‌ಡ್ರೈವಿನಲ್ಲಿ ಇಳಿಸಿ ತಂದುಕೊಟ್ಟ. ಕೂಲಿಯಾಗಿ ಪಂಚಮಿಗೆ ಕಟ್ಟಿಟ್ಟಿದ್ದ ಎಳ್ಳುಂಡಿ ನಾಲ್ಕು ತಿಂದ.

ಅಷ್ಟರಲ್ಲಿ ಮಾವ ಬಂದಿದ್ದರು, ವಿಜಯಪುರದ ಕಡೆಯ ಹಳ್ಳಿಯಿಂದ, ಪಂಚಮಿಗೆ ಮಗಳನ್ನು ತವರಿಗೆ ಕರೆದೊಯ್ಯಲು. ಅವರೆದುರು ನಾನು ವಿಡಿಯೋ ತೋರಿಸುವ ವಿಎಲ್‌ಸಿ ತಂತ್ರಾಂಶ ತೆರೆದೆ. ಅದರ ಗುರುತು ರಸ್ತೆ ಅಗೆದಲ್ಲಿ ಇಡುವ ಕಿತ್ತಳೆ ಟೊಪ್ಪಿಗೆ. ನಮ್ಮ ಓಣಿಗೆ ತಕ್ಕದ್ದೇ. ಚಿತ್ರ ಬಂತು! ಆದರೆ ಕಪ್ಪು-ಬಿಳುಪು, ಮೇಲಾಗಿ ಗಿರಣಿಯ ಬೆಲ್ಟಿನ ಹಾಗೆ ಮೇಲಿಂದ ಕೆಳಗೆ ಉರುಳುತ್ತಿತ್ತು.

ಮಾವ ಕಣ್ಣರಳಿಸಿದರು. "ಹಿಂಗಾ ಇತ್ತು ನೋಡ್ರಿ ಅಳಿಯಾರ, ಎಪ್ಪತ್ತೈದರಾಗ!" 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗ ಅದು. ನಮ್ಮಲ್ಲಿ ವಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆಗಳಿಗೆ ಆ ಭಾಗ್ಯ. "ಸಾಲಿ ಮುಂದ ಛತ್ರಿ ಕುಂದ್ರಿಸಿದ್ರು. ಹತ್ತು ಫೂಟು ಅಗಲ. ಯಾತರದ್ದು ಹೇಳ್ರಿ? ಕೋಳಿ ಗೂಡಿಗೆ ಬಡಿತಾರಲ್ಲ, ಆ ಜಾಳಿಗಿ ತಂತಿ!" ಅವರ ಮಾತಿನಲ್ಲಿದ್ದ ತಾತ್ಪರ್ಯ ನನಗೆ ಮುಟ್ಟಿತು: ಕೋಳಿ ಜಾಳಿಗೆಯಲ್ಲಿ ಊರಿಗೂರೇ ಟಿವಿ ನೋಡಿತ್ತು, ಅಳಿಯನಿಗೆ ಇಷ್ಟು ಸಾಮಾನಿದ್ದೂ ಆಗುತ್ತಿಲ್ಲ.

ಬಣ್ಣ ಹೋದದ್ದಕ್ಕೆ ಕಾರಣ ಬಾಜೂಮನೆ ಹುಡುಗನೇ ಹೇಳಿದ. ಟಿವಿ ಚಿತ್ರ ಕಳಿಸುವುದರಲ್ಲಿ ನಮ್ಮ ದೇಶದ್ದು ಪಾಲ್ ಎಂಬ ಪದ್ಧತಿ, ಸೆಕೆಂಡಿಗೆ 25 ಚಿತ್ರ. ಕಡ್ಡಿ ಅಮೆರಿಕದ ಎನ್‌ಟಿಎಸ್‌ಸಿ ಎಂದು ತಿಳಿದು 30ರ ಲೆಕ್ಕದಲ್ಲಿ ಕೂತಿತ್ತು. ಬದಲಿಸಿದ ಕೂಡಲೇ ಚಂದನದಲ್ಲಿ ಭತ್ತದ ಗದ್ದೆ ಹಸಿರಾಯಿತು. ಅವ್ವ ಚಪ್ಪಾಳೆ ತಟ್ಟಿದಳು. ನಾನು ಮಾವನ ಕಡೆ ನೋಡಿದೆ. ಅದೇ ಗಳಿಗೆಗೆ ಮಾಳಿಗೆಯ ಮೇಲೆ ದಡಬಡ ಸದ್ದಾಗಿ, ಗದ್ದೆ ಚೂರುಚೂರಾಗಿ ನಿಂತುಬಿಟ್ಟಿತು.

ಮಂಗ್ಯಾ. ಛತ್ರಿಯ ಮೇಲೆ ಕೂತು ಹೋಗಿತ್ತು.

ಜಿಟಿಜಿಟಿ ಮಳೆಯಲ್ಲಿ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೇಲೆ ಹೋದೆ. 36,000 ಕಿ.ಮೀ. ಎತ್ತರದಲ್ಲಿರುವ ಫ್ರೀ ಡಿಶ್ಶಿನ ಉಪಗ್ರಹ ಜಿಸ್ಯಾಟ್-15 ನಮ್ಮ ಊರಿಗೆ ಆಗ್ನೇಯಕ್ಕೆ ಬರುತ್ತದೆ. ಮೊಬೈಲಿನ ದಿಕ್ಸೂಚಿಗೆ ಇಂಟರ್ನೆಟ್ ಬೇಡ, ಅದೊಂದು ಪುಣ್ಯ. ಆದರೆ ಈ ಛತ್ರಿಗಳ ರಚನೆಯೇ ಹಾಗೆ, ಮುಖ ಮಾಡಿದ್ದೊಂದು ಕಡೆ, ನೋಡುವುದು ಅದಕ್ಕಿಂತ ಎಷ್ಟೋ ಮೇಲೆ. (ನಮ್ಮ ಸಾಹೇಬರು ಫೈಲ್ ನೋಡುವುದೂ ಹೀಗೆಯೇ.) ಕೆಳಗೆ ಲ್ಯಾಪ್‌ಟಾಪಿನ ಮುಂದೆ ಅವ್ವ ಮತ್ತು ಮಾವ, ಬಾಗಿಲಲ್ಲಿ ಹೆಂಡತಿ, ಮೆಟ್ಟಿಲ ಮೇಲೆ ಮಗ. ನಾನು ಕೂದಲೆಳೆಯಷ್ಟು ತಿರುಗಿಸುತ್ತೇನೆ, ಸುದ್ದಿ ಬಾಯಿಂದ ಬಾಯಿಗೆ ಮೇಲೆ ಬರುತ್ತದೆ.

"ಬಂತೇನಲೇ?"

"ಇಲ್ಲ!"

"ಈಗ?"

"ಬಂತು, ಬಂತು... ಹೋತು!"

ಹಿಂದಿನ ಅನಲಾಗ್ ಟಿವಿ ಒಳ್ಳೆಯದಿತ್ತು. ಸಿಗ್ನಲ್ ಕಡಿಮೆಯಾದರೆ ಹುಳ ಬಿದ್ದಂತೆ ಚುಕ್ಕಿ ತೋರಿಸಿ, 'ಹತ್ತಿರ ಬಂದೀ, ಇನ್ನಷ್ಟು ತಿರುಗಿಸು' ಎಂದು ಧೈರ್ಯ ಕೊಡುತ್ತಿತ್ತು. ಡಿಜಿಟಲ್‌ಗೆ ಆ ಕರುಣೆ ಇಲ್ಲ. ಬಂದರೆ ಕನ್ನಡಿ, ಇಲ್ಲದಿದ್ದರೆ ಕತ್ತಲೆ. ಅದರ ಮೇಲೆ ಸಿಗ್ನಲ್ ಹಿಡಿಯಲು ಬಾಕ್ಸಿಗೆ ಒಂದಿಷ್ಟು ಹೊತ್ತು, ಅದನ್ನು ದಾಟಿಸಲು ಕಡ್ಡಿಗೊಂದು ಕ್ಷಣ, ಅವ್ವನಿಗೆ ಕನ್ನಡಕ ಏರಿಸಲು ಮತ್ತೊಂದು ಕ್ಷಣ. 'ಬಂತು' ಎಂಬ ಕೂಗು ನನ್ನನ್ನು ಮುಟ್ಟುವಷ್ಟರಲ್ಲಿ ಛತ್ರಿ ಬೇರೆ ಯಾವುದೋ ದೇಶದ ಉಪಗ್ರಹದ ಕ್ಷೇಮ ವಿಚಾರಿಸುತ್ತಿರುತ್ತಿತ್ತು. ಹೆಂಡತಿ ಕೆಳಗಿನಿಂದ, "ರೀ, ಅವ್ವಾರು ಕೇಳಾಕತ್ತಾರ, ಆಗ್ನೇಯಕ್ಕ ಒಲಿ ಇಡತಾರ, ಟಿವಿ ಯಾಕ ಅಂತ!" ಎಂದು ಕೂಗಿದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಸ್ಪ್ಯಾನರ್ ಬಾಯಲ್ಲಿತ್ತು.

ಮುಕ್ಕಾಲು ತಾಸಿಗೆ ಬಂತು, ಬಂದು ನಿಂತಿತು. ತೊಯ್ದು ತೊಪ್ಪೆಯಾಗಿ ಕೆಳಗಿಳಿದು, ಟವೆಲ್ ಹೊದ್ದು ಎಲ್ಲರ ನಡುವೆ ಕೂತೆ. ಕರೆಂಟ್ ಹೋಯಿತು.

"ಚಿಂತಿಲ್ಲ ಅವ್ವ, ಲ್ಯಾಪ್‌ಟಾಪಿಗೆ ಬ್ಯಾಟರಿ ಐತಿ" ಎಂದೆ, ಗೆದ್ದ ದನಿಯಲ್ಲಿ. ಲ್ಯಾಪ್‌ಟಾಪು ಉರಿಯುತ್ತಲೇ ಇತ್ತು. ಬಾಕ್ಸಿಗೆ ಬ್ಯಾಟರಿ ಇರಲಿಲ್ಲ. ಖಾಲಿ ಪರದೆ ಕೋಣೆಗೆಲ್ಲ ನೀಲಿ ಬೆಳಕು ಚೆಲ್ಲಿ ನಿಂತಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಡತಿ ಎದ್ದು ತಾಟು ಹಾಕಿದಳು. ರೊಟ್ಟಿ, ಮಡಿಕೆ ಕಾಳು ಪಲ್ಯ, ಮೊಸರು. ಲ್ಯಾಪ್‌ಟಾಪನ್ನು ನಡುವೆ ಇಟ್ಟುಕೊಂಡು ಸುತ್ತ ಕೂತೆವು. ನಾನು ತುತ್ತು ಮುರಿಯುವಷ್ಟರಲ್ಲಿ ಅವ್ವ ಕನ್ನಡಕ ಸರಿಮಾಡಿಕೊಂಡು ಹೇಳಿದಳು:

"ತಮ್ಮಾ, ಅದನ್ನ ಒಂದೀಟು ಈ ಕಡೆ ತಿರುಗಿಸು. ಶೇಂಗಾ ಚಟ್ನಿ ಕಾಣವಲ್ದು."